ಕಂಪನಿಗೆ ಸುರಂಗ, ನಾಗರಿಕನಿಗೆ ವಹಿ

ಎಲೆಕ್ಟ್ರಾನಿಕ್ ಸಿಟಿ ಅಥವಾ ವೈಟ್‌ಫೀಲ್ಡ್‌ನ ಯಾವುದೇ ದೊಡ್ಡ ಸಾಫ್ಟ್‌ವೇರ್ ಕಂಪನಿಯ ನೌಕರ ಮನೆಯಲ್ಲಿ ಕುಳಿತು ದಿನದ ಕೆಲಸ ಆರಂಭಿಸುವಾಗ ಮೊದಲು ಮಾಡುವುದು ಕಚೇರಿಯ ವಿಪಿಎನ್‌ಗೆ ಸಂಪರ್ಕ ಪಡೆಯುವುದನ್ನು. ವಿಪಿಎನ್ ಎಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಎಲ್ಲರೂ ಬಳಸುವ ಅಂತರ್ಜಾಲದ ಒಳಗೇ ಗೂಢಲಿಪಿಯ ರಕ್ಷಣೆಯಲ್ಲಿ ಕೊರೆದ ಖಾಸಗಿ ಸುರಂಗ ಎನ್ನಬಹುದು. ವಿದೇಶಿ ಬ್ಯಾಂಕಿನ ಗ್ರಾಹಕರ ಲೆಕ್ಕ, ಆಸ್ಪತ್ರೆಯ ರೋಗಿಗಳ ದಾಖಲೆ ಆ ಸುರಂಗದಲ್ಲಿ ಹೋಗಿಬರುತ್ತವೆ. ದಾರಿಯಲ್ಲಿ ನಿಂತು ಅವನ್ನು ಓದುವುದು ಕೇಬಲ್ ಸಂಸ್ಥೆಗಾಗಲಿ, ಪಿ.ಜಿ. ಮಾಲೀಕನಿಗಾಗಲಿ ಸಾಧ್ಯವಿಲ್ಲ. ಅದೇ ನೌಕರ ರಾತ್ರಿ ಕಂಪನಿಯ ಲ್ಯಾಪ್‌ಟಾಪ್ ಮುಚ್ಚಿಟ್ಟು, ತನ್ನ ಕಾಯಿಲೆಯ ಬಗ್ಗೆಯೋ ಸಾಲದ ಬಗ್ಗೆಯೋ ತಿಳಿಯಲು ಸ್ವಂತ ಮೊಬೈಲಿನಲ್ಲಿ ಅಂತಹುದೇ ಸುರಂಗವನ್ನು ಬಾಡಿಗೆಗೆ ಪಡೆಯಹೊರಟರೆ ನಿಯಮ ಬೇರೆಯಾಗುತ್ತದೆ. ಆತನ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಹಂಚಿಕೊಟ್ಟ ಐಪಿ ವಿಳಾಸ, ಸೇವೆ ಪಡೆಯುವ ಉದ್ದೇಶ ಇವೆಲ್ಲವನ್ನೂ ಪರಿಶೀಲಿಸಿ ದಾಖಲಿಸಬೇಕು. ಆತ ಸೇವೆ ಬಿಟ್ಟ ಮೇಲೂ ಐದು ವರ್ಷ ಆ ದಾಖಲೆಯನ್ನು ಕಾಪಾಡಬೇಕು.

ಭಾರತೀಯ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ತಿರುಳು ಇದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನ ಅಡಿ ಹೊರಟ ಈ ನಿರ್ದೇಶನ ಉದ್ಯಮ ವಲಯದಲ್ಲಿ ಆತಂಕ ಹುಟ್ಟಿಸಿದಾಗ, ಮರು ತಿಂಗಳೇ ಸ್ಪಷ್ಟೀಕರಣ ಬಂತು: ಕಂಪನಿಗಳು ತಮ್ಮ ಕೆಲಸಕ್ಕೆ ಇಟ್ಟುಕೊಂಡ ವಿಪಿಎನ್‌ಗಳಿಗೆ ವಹಿಯ ನಿಯಮ ಅನ್ವಯಿಸದು, ಸಾಮಾನ್ಯ ಗ್ರಾಹಕರಿಗೆ ಸೇವೆ ಒದಗಿಸುವವರಿಗೆ ಮಾತ್ರ ಅನ್ವಯ. ಬೆಂಗಳೂರಿನ ಹೊರವಲಯದ ಕಂಪನಿಗಳು ನಿಟ್ಟುಸಿರುಬಿಟ್ಟವು. ಆ ಕಂಪನಿಗಳಲ್ಲಿ ದುಡಿಯುವವರ ಪರವಾಗಿ ಯಾರೂ ಹೆಚ್ಚು ಮಾತನಾಡಲಿಲ್ಲ. ಸಂಸ್ಥೆಗೆ ಅಗತ್ಯವೆಂದು ಒಪ್ಪಿಕೊಂಡ ಗೋಪ್ಯತೆ ನಾಗರಿಕನಿಗೆ ಬಂದೊಡನೆ ಅನುಮಾನದ ವಸ್ತುವಾಗುವುದು ಯಾವ ನ್ಯಾಯ ಎಂಬ ಪ್ರಶ್ನೆ ಅಂದಿನಿಂದ ಹಾಗೆಯೇ ಉಳಿದಿದೆ.

ತಂತ್ರಜ್ಞಾನದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಬ್ಯಾಂಕಿನ ಜಾಲತಾಣದ ವಿಳಾಸ ಎಚ್‌ಟಿಟಿಪಿಎಸ್ ಎಂದು ಆರಂಭವಾಗಿದ್ದರೆ, ನಮ್ಮ ಪತ್ರ ಲಕೋಟೆಯೊಳಗೆ ಹೋಗುತ್ತಿದೆ ಎಂದು ತಿಳಿಯಬೇಕು. ಒಳಗಿನ ಒಕ್ಕಣೆ ದಾರಿಯಲ್ಲಿ ಯಾರಿಗೂ ಕಾಣದು. ಆದರೆ ಲಕೋಟೆಯ ಮೇಲಿನ ವಿಳಾಸ, ಅಂದರೆ ನಾವು ಯಾವ ತಾಣಕ್ಕೆ ಹೋಗುತ್ತಿದ್ದೇವೆ ಎಂಬುದು, ಅಂತರ್ಜಾಲ ಸೇವೆ ಕೊಡುವವನಿಗೆ ಸಾಮಾನ್ಯವಾಗಿ ತಿಳಿಯುತ್ತದೆ. ವಿಪಿಎನ್ ಆ ಲಕೋಟೆಗಳನ್ನೆಲ್ಲ ಅರಗಿನ ಮುದ್ರೆಯೊತ್ತಿದ ಟಪಾಲು ಚೀಲದಲ್ಲಿ ಹಾಕಿ ಬೇರೊಂದು ಅಂಚೆ ಕಚೇರಿಗೆ ಕಳುಹಿಸುತ್ತದೆ. ನಮ್ಮ ಬೀದಿಯ ಅಂಚೆಯವನಿಗೆ ಕಾಣುವುದು ಚೀಲ ಮಾತ್ರ. ಆದರೆ ಚೀಲ ಬಿಚ್ಚುವ ದೂರದ ಪೋಸ್ಟ್‌ಮಾಸ್ಟರನಿಗೆ ಎಲ್ಲ ವಿಳಾಸಗಳೂ ಕಾಣುತ್ತವೆ. ಆದ್ದರಿಂದ ವಿಪಿಎನ್ ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಸಾಧನವೇ ಹೊರತು ಅದೃಶ್ಯನಾಗುವ ಮಂತ್ರವಲ್ಲ. ವಂಚಕನ ತಾಣಕ್ಕೂ ಎಚ್‌ಟಿಟಿಪಿಎಸ್ ಇರಬಹುದು. ಲಕೋಟೆ ಭದ್ರವಾಗಿದೆ ಎಂದಮಾತ್ರಕ್ಕೆ ಅದು ಸೇರುವ ಕೈ ಸಜ್ಜನನದು ಎಂದೇನೂ ಅರ್ಥವಲ್ಲ. ಗೂಗಲ್ ಸಂಸ್ಥೆ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಬೀಗದ ಚಿಹ್ನೆಯನ್ನು ತೆಗೆದದ್ದು ಜನರಲ್ಲಿ ಬೇರೂರಿದ್ದ ಈ ತಪ್ಪು ಕಲ್ಪನೆಯ ಕಾರಣದಿಂದಲೇ.

ಇಷ್ಟು ಮಿತಿಗಳಿದ್ದರೂ ಈ ಎರಡು ಸಾಧನಗಳಿಲ್ಲದೆ ಬೆಂಗಳೂರಿನ ಹೊರವಲಯದ ಆರ್ಥಿಕತೆ ಒಂದು ದಿನವೂ ನಡೆಯದು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಸ್ಥಾಪನೆಯಾಗಿ ಎಲೆಕ್ಟ್ರಾನಿಕ್ ಸಿಟಿಯಿಂದ ಉಪಗ್ರಹ ಸಂಪರ್ಕ ಒದಗಿಸತೊಡಗಿದಾಗ ನಮ್ಮ ಕಂಪನಿಗಳು ವಿದೇಶಗಳಿಗೆ ಮಾರಿದ್ದು ಎಂಜಿನಿಯರುಗಳ ಶ್ರಮವನ್ನು ಮಾತ್ರವಲ್ಲ. ನಿಮ್ಮ ಮಾಹಿತಿ ನಮ್ಮ ಕೈಯಲ್ಲಿ ಸುರಕ್ಷಿತ ಎಂಬ ಭರವಸೆಯನ್ನೂ ಮಾರಿದವು. ಆ ಭರವಸೆಯ ಅಡಿಗಲ್ಲು ಗೂಢಲಿಪೀಕರಣ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ನಗರ ಬಾಗಿಲು ಹಾಕಿದಾಗ ಲಕ್ಷಾಂತರ ನೌಕರರು ಕೆಲವೇ ದಿನಗಳಲ್ಲಿ ಮನೆಗಳಿಂದ, ಹಳ್ಳಿಗಳಿಂದ ಕೆಲಸ ಮುಂದುವರಿಸಿದ್ದು ಈ ಸುರಂಗಗಳ ಮೂಲಕವೇ. ಅಲ್ಲಿಯವರೆಗೆ ಹೊರಗುತ್ತಿಗೆ ಕೇಂದ್ರಗಳು ನೌಕರರಿಂದ ಮನೆಯಲ್ಲಿ ಕೆಲಸ ಮಾಡಿಸಬೇಕಾದರೆ ದೂರಸಂಪರ್ಕ ಇಲಾಖೆಯಲ್ಲಿ ಠೇವಣಿ ಇಟ್ಟು, ಕರಾರು ಬರೆದುಕೊಟ್ಟು, ನೋಂದಣಿ ಮಾಡಿಸಬೇಕಿತ್ತು. ಅವಶ್ಯಕತೆ ಬಂದಾಗ ಇಲಾಖೆ ಈ ಷರತ್ತುಗಳನ್ನು ಸಡಿಲಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ನೋಂದಣಿಯನ್ನೇ ಕೈಬಿಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ.

ಗೂಢಲಿಪಿಯ ವಿಷಯದಲ್ಲಿ ನಮ್ಮ ಸರ್ಕಾರಿ ನೀತಿ ಮೊದಲಿನಿಂದಲೂ ಎರಡು ನಾಲಗೆಯದು. ಅಂತರ್ಜಾಲ ಸೇವಾ ಪರವಾನಗಿಯ ಹಳೆಯ ಷರತ್ತಿನ ಪ್ರಕಾರ 40 ಬಿಟ್‌ಗಿಂತ ಬಲವಾದ ಕೀಲಿ ಬಳಸಬೇಕಾದರೆ ಮುಂಚಿತವಾಗಿ ಲಿಖಿತ ಅನುಮತಿ ಪಡೆದು, ಬಿಡಿಸುವ ಕೀಲಿಯನ್ನು ಸರ್ಕಾರದ ವಶಕ್ಕೆ ಕೊಡಬೇಕಿತ್ತು. ಅಂತಹ 40 ಬಿಟ್ ಕೀಲಿಯನ್ನು ಫ್ರಾನ್ಸಿನ ಸಂಶೋಧಕರೊಬ್ಬರು 1995ರಲ್ಲೇ ಸುಮಾರು ಒಂದು ವಾರದಲ್ಲಿ ಒಡೆದು ತೋರಿಸಿದ್ದರು. ಇತ್ತ ಭಾರತೀಯ ರಿಸರ್ವ್ ಬ್ಯಾಂಕು 2001ರಲ್ಲಿ ಅಂತರ್ಜಾಲ ಬ್ಯಾಂಕಿಂಗ್‌ಗೆ ಕನಿಷ್ಠ 128 ಬಿಟ್ ರಕ್ಷಣೆ ಇರಬೇಕೆಂದು ಬ್ಯಾಂಕುಗಳಿಗೆ ಸೂಚಿಸಿತು. ಒಂದು ಇಲಾಖೆ ಅನುಮತಿ ಬೇಕೆಂದದ್ದನ್ನೇ ಇನ್ನೊಂದು ಪ್ರಾಧಿಕಾರ ಕಡ್ಡಾಯವೆಂದಿತು! ಕಡತಗಳ ನಡುವೆ ಬದುಕು ಸವೆಸಿದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಗೂಢಲಿಪೀಕರಣ ನೀತಿಯ ಕರಡಂತೂ, ಪ್ರಜೆಗಳು ಗೂಢಲಿಪಿಯಲ್ಲಿ ಕಳುಹಿಸಿದ ಸಂದೇಶಗಳ ಸಾದಾ ಪ್ರತಿಯನ್ನು 90 ದಿನ ತಮ್ಮಲ್ಲಿ ಇಟ್ಟುಕೊಂಡು, ಕೇಳಿದಾಗ ಒಪ್ಪಿಸಬೇಕೆಂದು ಹೇಳಿತ್ತು. ದೇಶದಾದ್ಯಂತ ಆಕ್ಷೇಪ ಎದ್ದೊಡನೆ ಆ ಕರಡನ್ನು ಹಿಂಪಡೆಯಲಾಯಿತು. ಅದರ ಹಿಂದಿದ್ದ ಮನೋಧರ್ಮ ಏಳು ವರ್ಷಗಳ ನಂತರ ಸರ್ಟ್-ಇನ್ ನಿರ್ದೇಶನದ ರೂಪದಲ್ಲಿ ಮರಳಿತು.

ಆ ನಿರ್ದೇಶನದ ಫಲ ಏನಾಯಿತು? ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮುಂತಾದ ಸಂಸ್ಥೆಗಳು, ಗ್ರಾಹಕರ ದಾಖಲೆ ಇಡುವುದಿಲ್ಲವೆಂಬುದೇ ತಮ್ಮ ವ್ಯಾಪಾರದ ಆಧಾರವೆಂದು ಹೇಳಿ, 2022ರ ಮಧ್ಯಭಾಗದಲ್ಲಿ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನು ತೆಗೆದವು. ಒಪ್ಪದವರು ಹೊರಡಬಹುದು ಎಂಬುದೇ ಅಂದಿನ ಕೇಂದ್ರ ರಾಜ್ಯ ಸಚಿವರ ನಿಲುವಾಗಿತ್ತು; ಅವರು ರಾಜ್ಯಸಭೆಗೆ ಆಯ್ಕೆಯಾಗಿದ್ದುದು ನಮ್ಮ ಕರ್ನಾಟಕದಿಂದ. ಹೊರಟ ಸಂಸ್ಥೆಗಳು ಹೊರದೇಶದ ಸರ್ವರ್‌ಗಳಿಂದ ಭಾರತೀಯ ಗ್ರಾಹಕರಿಗೆ ಸೇವೆ ಮುಂದುವರಿಸಿದವು. ಅಂದರೆ ಕೇಳಿದ ವಹಿ ಸರ್ಕಾರದ ಕೈಗೆ ಸಿಗಲಿಲ್ಲ, ದೇಶದೊಳಗಿದ್ದ ಯಂತ್ರಗಳೂ ಹೋದವು. 2025ರ ಜನವರಿಯ ಹೊತ್ತಿಗೆ ಆಪಲ್ ಮತ್ತು ಗೂಗಲ್‌ನ ಆ್ಯಪ್ ಅಂಗಡಿಗಳಿಂದ ಕೆಲವು ವಿಪಿಎನ್ ಆ್ಯಪ್‌ಗಳನ್ನು ತೆಗೆಸುವ ಕ್ರಮವೂ ನಡೆಯಿತು.

ಅರ್ಥಶಾಸ್ತ್ರ ಓದಿದವರಿಗೆ ಗ್ರೆಷಮ್‌ನ ನಿಯಮ ಗೊತ್ತಿರುತ್ತದೆ: ಕೆಟ್ಟ ಹಣ ಚಲಾವಣೆಗೆ ಬಂದರೆ ಒಳ್ಳೆಯ ಹಣ ಪೇಟೆಯಿಂದ ಮರೆಯಾಗುತ್ತದೆ. ಇಲ್ಲಿಯೂ ಆಗುವುದು ಅದೇ. ಹೆಸರು, ಲೆಕ್ಕಪರಿಶೋಧನೆ, ಶುಲ್ಕ ಇರುವ ಸಂಸ್ಥೆಗಳು ದೂರ ಸರಿದರೆ, ಉಚಿತವೆಂದು ಹೇಳಿಕೊಳ್ಳುವ, ಮಾಲೀಕರು ಯಾರೆಂದು ತಿಳಿಯದ ಆ್ಯಪ್‌ಗಳಿಗೆ ಪೇಟೆ ತೆರೆದಂತೆ. ಉಚಿತ ವಿಪಿಎನ್ ಎಂದರೇನೆಂದು ತಿಳಿಯಲು ಫೇಸ್‌ಬುಕ್ ಸಂಸ್ಥೆಯ ಒನಾವೊ ಪ್ರಕರಣ ಸಾಕು. ನಿಮ್ಮ ಮಾಹಿತಿಯನ್ನು ಕಾಪಾಡುತ್ತೇವೆಂದು ಪ್ರಚಾರ ಮಾಡಿದ ಆ ಆ್ಯಪ್, ಬಳಕೆದಾರರು ಬೇರೆ ಯಾವ ಆ್ಯಪ್‌ಗಳನ್ನು ಎಷ್ಟು ಹೊತ್ತು ಬಳಸುತ್ತಾರೆಂಬುದನ್ನು ತನ್ನ ಒಡೆಯರ ವ್ಯಾಪಾರಕ್ಕಾಗಿ ಸಂಗ್ರಹಿಸುತ್ತಿತ್ತು. 2023ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಇದಕ್ಕಾಗಿ ಆ ಸಮೂಹದ ಎರಡು ಕಂಪನಿಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ಪೊಲೀಸರ ವಾದವನ್ನು ಹಗುರವಾಗಿ ಕಾಣುವಂತಿಲ್ಲ. 2022ರ ಏಪ್ರಿಲ್ 8ರಂದು ವರ್ತೂರು, ಎಲೆಕ್ಟ್ರಾನಿಕ್ ಸಿಟಿ ಮುಂತಾದ ಕಡೆಗಳ ಶಾಲೆಗಳಿಗೆ ಬಾಂಬ್ ಇದೆಯೆಂಬ ಇಮೇಲ್ ಬಂದಾಗ ಮಕ್ಕಳನ್ನು ಹೊರಗೆ ಕರೆತಂದು ಕೊಠಡಿ ಕೊಠಡಿ ಶೋಧಿಸಬೇಕಾಯಿತು. 2023ರ ಡಿಸೆಂಬರ್ 1ರಂದು ನಗರ ಮತ್ತು ಗ್ರಾಮಾಂತರದ ಅರವತ್ತಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ದಿನ ಇಂತಹ ಬೆದರಿಕೆ ಬಂತು. ಗೇಟಿನ ಹೊರಗೆ ನಿಂತ ತಂದೆತಾಯಿಯರಿಗೆ ಖಾಸಗಿತನದ ಉಪನ್ಯಾಸ ಕೊಡುವ ಧೈರ್ಯ ಯಾರಿಗೂ ಬಾರದು. ಬೆಂಗಳೂರಿನ ಒಂದು ವಿನ್ಯಾಸ ಸಂಸ್ಥೆಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಇಮೇಲ್‌ಗಳು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಮೂಲಕ ಹರಿದಾಡಿದ ಪ್ರಕರಣ ಇನ್ನೂ ನೋವಿನದು. ತನಿಖೆ ಮುಂದೆ ಸಾಗದಿದ್ದಾಗ ಸಂಸ್ಥೆ ಕರ್ನಾಟಕ ಹೈಕೋರ್ಟ್ ಮೊರೆಹೋಯಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ದೇಶದಲ್ಲಿ ಪ್ರೋಟಾನ್ ಮೇಲ್ ನಿರ್ಬಂಧಿಸುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿದರು. ಆ ಮಹಿಳೆಯರ ದೃಷ್ಟಿಯಿಂದ ನೋಡಿದರೆ ನ್ಯಾಯಾಲಯದ ಅಸಹನೆ ಅರ್ಥವಾಗುತ್ತದೆ.

ಆದರೆ ಪರಿಹಾರದ ದಾರಿ ಯಾವುದು ಎಂಬಲ್ಲಿ ನನ್ನ ಭಿನ್ನಾಭಿಪ್ರಾಯವಿದೆ. 2021ರಲ್ಲಿ ಫ್ರಾನ್ಸಿನ ಪೊಲೀಸರ ಕೋರಿಕೆ ಸ್ವಿಸ್ ಅಧಿಕಾರಿಗಳ ಮೂಲಕ ಕ್ರಮಬದ್ಧವಾಗಿ ಹೋದಾಗ ಇದೇ ಪ್ರೋಟಾನ್ ಸಂಸ್ಥೆ ಖಾತೆದಾರರೊಬ್ಬರ ಐಪಿ ವಿಳಾಸವನ್ನು ದಾಖಲಿಸಿಕೊಟ್ಟಿತ್ತು. ಅಂದರೆ ಬಾಗಿಲು ಇದೆ, ತಟ್ಟುವ ವಿಧಾನವಿದೆ. ದೇಶದೇಶಗಳ ನಡುವಿನ ಕಾನೂನು ನೆರವಿನ ಪತ್ರಗಳು ಠಾಣೆಯಿಂದ ಗೃಹ ಇಲಾಖೆಗೆ, ಅಲ್ಲಿಂದ ದೆಹಲಿಗೆ, ದೆಹಲಿಯಿಂದ ವಿದೇಶಕ್ಕೆ ಸಾಗುವ ಮಂದಗತಿಯೇ ನಮ್ಮ ನಿಜವಾದ ತೊಡಕು. ಅದಕ್ಕೆ ನುರಿತ ಸಿಬ್ಬಂದಿಯ ಒಂದು ಪ್ರತ್ಯೇಕ ಘಟಕ ಬೇಕು, ಕಾಲಮಿತಿ ಬೇಕು, ಕಡತ ಎಲ್ಲಿ ನಿಂತಿದೆ ಎಂದು ಕೇಳುವ ಮೇಲಧಿಕಾರಿ ಬೇಕು. ಹಲವು ರಾಜ್ಯಗಳಿಗೆ ಹುಸಿ ಬಾಂಬ್ ಇಮೇಲ್ ಕಳುಹಿಸಿದ ಆರೋಪದ ಮೇಲೆ ಅಹಮದಾಬಾದ್ ಪೊಲೀಸರು 2025ರ ಜೂನ್‌ನಲ್ಲಿ ಒಬ್ಬರನ್ನು ಬಂಧಿಸಿದಾಗ, ವಿಪಿಎನ್ ಮತ್ತಿತರ ಸಾಧನಗಳ ಮರೆಯಲ್ಲಿದ್ದರೂ ಒಂದು ಸಣ್ಣ ಎಡವಟ್ಟು ಸುಳಿವು ಕೊಟ್ಟಿತೆಂದು ಪೊಲೀಸರೇ ತಿಳಿಸಿದರು. ಅಪರಾಧಿಯನ್ನು ಹಿಡಿದುಕೊಡುವುದು ಇಂತಹ ತಾಳ್ಮೆಯ ತನಿಖೆ. ಊರಿನವರೆಲ್ಲರ ಹೆಸರು ಬರೆದಿಟ್ಟ ವಹಿಯಲ್ಲಿ ಅಪರಾಧಿ ತನ್ನ ನಿಜವಾದ ಹೆಸರು ಬರೆಸಿರುತ್ತಾನೆಂದು ನಂಬುವುದು ಹೇಗೆ?

ವಹಿಯ ಬಗ್ಗೆ ನನಗೆ ಇರುವ ಅನುಮಾನ ಸಿದ್ಧಾಂತದಿಂದ ಬಂದದ್ದಲ್ಲ. ಮೂರು ದಶಕಗಳ ಸರ್ಕಾರಿ ಸೇವೆಯಿಂದ ಬಂದದ್ದು. ಹೊಸ ವಹಿ ತೆರೆಯುವಂತೆ ಹೇಳುವ ಸುತ್ತೋಲೆಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ತೆರೆದ ವಹಿಯನ್ನು ಮುಚ್ಚಿ, ಅವಧಿ ಮುಗಿದದ್ದನ್ನು ನಾಶಪಡಿಸಿ ವರದಿ ಮಾಡಿ ಎನ್ನುವ ಸುತ್ತೋಲೆ ಅಪರೂಪ. 2004ರಲ್ಲಿ ಕರ್ನಾಟಕ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ರೂಪಿಸಿ, ಬಂದುಹೋಗುವವರ ಗುರುತನ್ನು ದಾಖಲಿಸಿಡಬೇಕೆಂದಿತು. ಮುಂದೆ ಮೊಬೈಲ್ ಬಂತು, ಕೆಫೆಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಹೆಸರು, ವಿಳಾಸ, ಗುರುತಿನ ಚೀಟಿಯ ವಿವರಗಳಿದ್ದ ಆ ಪುಸ್ತಕಗಳು ಯಾವ ರದ್ದಿ ಅಂಗಡಿ ಸೇರಿದವೆಂದು ಯಾರೂ ವಿಚಾರಿಸಲಿಲ್ಲ.

ಇದಕ್ಕಿಂತ ಗಂಭೀರವಾದ ಪಾಠ 2023ರಲ್ಲಿ ನಮ್ಮ ನಗರದಲ್ಲೇ ಸಿಕ್ಕಿತು. ನಿವೇಶನ, ಮನೆ, ಅಪಾರ್ಟ್‌ಮೆಂಟ್ ನೋಂದಣಿ ಮಾಡಿಸಿಕೊಂಡವರ ಬ್ಯಾಂಕ್ ಖಾತೆಗಳಿಂದ, ಯಾವ ಒಟಿಪಿಯೂ ಬಾರದೆ ಹಣ ಮಾಯವಾಗತೊಡಗಿತು. ಪೊಲೀಸರ ತನಿಖೆಯಲ್ಲಿ ಹೊರಬಿದ್ದ ವಿಧಾನ ಹೀಗಿತ್ತು: ವಂಚಕರು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರಗಳ ನಕಲನ್ನು ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚಿನಿಂದ ನಕಲಿ ಬೆರಳು ತಯಾರಿಸಿ, ಆಧಾರ್ ಸಂಖ್ಯೆಯ ಜೊತೆ ಬಳಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯುತ್ತಿದ್ದರು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂಧನಗಳಾದವು. ನಕಲುಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಮರೆಮಾಚುವಂತೆ ಪೊಲೀಸರು ಇಲಾಖೆಯನ್ನು ಕೋರಿದರು.

ಇಲ್ಲಿ ಯಾವ ಅಧಿಕಾರಿಯೂ ಕಾನೂನಿಗೆ ಹೊರತಾಗಿ ನಡೆದಿರಬೇಕಾಗಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ನೋಂದಣಿ ಕಾಯ್ದೆಯ 32ಎ ಕಲಮು ಖೋಟಾ ವ್ಯವಹಾರ ತಡೆಯಲು ಭಾವಚಿತ್ರ ಮತ್ತು ಬೆರಳಚ್ಚು ಕಡ್ಡಾಯ ಮಾಡಿತು. ಆಸ್ತಿ ಕೊಳ್ಳುವವರು ಹಳೆಯ ಪತ್ರಗಳನ್ನು ಪರಿಶೀಲಿಸಲೆಂದು 57ನೆಯ ಕಲಮು ನಕಲು ಪಡೆಯುವ ಅವಕಾಶ ಕೊಟ್ಟಿತು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಯ ವೃದ್ಧೆಗೆ ಪಿಂಚಣಿ ಸಿಗಲೆಂದು ಬೆರಳನ್ನೇ ಸಹಿಯಾಗಿ ಒಪ್ಪುವ ಪಾವತಿ ವ್ಯವಸ್ಥೆ ಬಂತು. ಮೂರೂ ಒಳ್ಳೆಯ ಉದ್ದೇಶದವು. ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕಾದವರು ಯಾರೂ ಇರಲಿಲ್ಲ, ವಂಚಕ ನೋಡಿದ. ನಾಗರಿಕನ ಮೊಬೈಲಿನಿಂದ ಇಲಾಖೆಯ ಸರ್ವರಿನವರೆಗಿನ ದಾರಿ ಎಷ್ಟೇ ಬಲವಾದ ಗೂಢಲಿಪಿಯಲ್ಲಿದ್ದರೂ ಇಂತಹ ಕಳವನ್ನು ಅದು ತಡೆಯಲಾರದು, ಏಕೆಂದರೆ ಕಳವು ನಡೆದದ್ದು ದಾರಿಯಲ್ಲಲ್ಲ, ದಾಸ್ತಾನಿನಲ್ಲಿ. ಆರ್ಥಿಕ ಪರಿಭಾಷೆಯಲ್ಲಿ ಹೇಳುವುದಾದರೆ, ಮಾಹಿತಿ ಕೂಡಿಡುವವನು ಬೇರೆ, ಸೋರಿಕೆಯ ನಷ್ಟ ಹೊರುವವನು ಬೇರೆ. ನಷ್ಟ ತನ್ನ ಮೈಮೇಲೆ ಬರದೆಂದು ತಿಳಿದ ಸಂಸ್ಥೆ, ಅದು ಸರ್ಕಾರದ್ದಿರಲಿ ಖಾಸಗಿಯದಿರಲಿ, ಅಗತ್ಯಕ್ಕಿಂತ ಹೆಚ್ಚು ಕೂಡಿಡುತ್ತದೆ. ಪ್ರತಿಯೊಬ್ಬ ವಿಪಿಎನ್ ಗ್ರಾಹಕನ ಹೆಸರು, ವಿಳಾಸ, ಬಳಸುವ ಕಾರಣಗಳನ್ನು ಐದು ವರ್ಷ ಒಂದೆಡೆ ಇಡಿ ಎನ್ನುವುದು ಮತ್ತೊಂದು ಅಂತಹ ದಾಸ್ತಾನಿಗೆ ಆದೇಶ ಕೊಟ್ಟಂತೆ. ಯಾರು ಏನನ್ನು ಮುಚ್ಚಿಡಬಯಸುತ್ತಾರೆಂಬ ಪಟ್ಟಿಗಿಂತ ಬೆಲೆಬಾಳುವ ಪಟ್ಟಿ ಬ್ಲ್ಯಾಕ್‌ಮೇಲ್ ಮಾಡುವವನಿಗೆ ಇನ್ನೊಂದಿರದು.

ಸರ್ಕಾರವನ್ನು ನಂಬಬಾರದೇ ಎಂದು ಕೇಳುವವರು ಇದ್ದಾರೆ. ಕರ್ನಾಟಕದ ರಾಜಕಾರಣ ಬಲ್ಲವರಿಗೆ ಈ ಪ್ರಶ್ನೆಯ ಉತ್ತರ ಹುಡುಕಿಕೊಂಡು ಹೋಗಬೇಕಾಗಿಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ತೊರೆದದ್ದು ದೂರವಾಣಿ ಕದ್ದಾಲಿಕೆಯ ಆರೋಪದಿಂದಾಗಿ. 2019ರಲ್ಲಿ ಮತ್ತೊಮ್ಮೆ ಅಂತಹುದೇ ಆರೋಪ ಎದ್ದು ತನಿಖೆ ಸಿಬಿಐಗೆ ಹೋಯಿತು. ಕದ್ದಾಲಿಕೆಗೆ ಗೃಹ ಕಾರ್ಯದರ್ಶಿಯ ಲಿಖಿತ ಆದೇಶ, ಅದರ ಪರಿಶೀಲನೆಗೆ ಸಮಿತಿ, ಇವು ಬಂದದ್ದೂ ಸುಪ್ರೀಂ ಕೋರ್ಟ್ 1996ರಲ್ಲಿ ಪಿಯುಸಿಎಲ್ ಪ್ರಕರಣದಲ್ಲಿ ಹೇಳಿದ ಮೇಲೆಯೇ.

ಖಾಸಗಿತನ ಮೂಲಭೂತ ಹಕ್ಕೆಂದು ದೇಶಕ್ಕೆ ತಿಳಿಸಿದ ತೀರ್ಪಿನ ಹೆಸರಿನಲ್ಲಿರುವವರು ಬೆಂಗಳೂರಿನವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಹಕ್ಕನ್ನು ಎತ್ತಿಹಿಡಿಯಿತು. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆ ತೀರ್ಪು ಕೊಟ್ಟ ಒರೆಗಲ್ಲು ಸರಳವಾದದ್ದು: ಖಾಸಗಿತನದೊಳಗೆ ಕೈಯಿಡುವ ಕ್ರಮಕ್ಕೆ ಕಾನೂನಿನ ಆಧಾರ ಬೇಕು, ನ್ಯಾಯಯುತ ಉದ್ದೇಶ ಬೇಕು, ಕ್ರಮವು ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. 2022ರ ನಿರ್ದೇಶನಕ್ಕೆ ಉದ್ದೇಶವಿದೆ ಎಂದು ಒಪ್ಪೋಣ. ಕಾನೂನಿನ ಆಧಾರ ಒಂದು ಉಪಕಲಮಿನಷ್ಟು ತೆಳುವಾದದ್ದು; ಸಂಸತ್ತಿನಲ್ಲಿ ಈ ವಹಿಯ ಬಗ್ಗೆ ಚರ್ಚೆ ನಡೆದು ಬಂದ ನಿಯಮ ಇದಲ್ಲ. ಪ್ರಮಾಣದ ಪರೀಕ್ಷೆಯಲ್ಲಂತೂ, ಬೆರಳೆಣಿಕೆಯ ಅಪರಾಧಿಗಳಿಗಾಗಿ ಎಲ್ಲ ಗ್ರಾಹಕರನ್ನೂ ದಾಖಲಿಸುವ ಕ್ರಮ ಹೇಗೆ ಉತ್ತೀರ್ಣವಾದೀತೆಂದು ನನಗೆ ಕಾಣದು.

ಇಷ್ಟಕ್ಕೂ ಈ ರಕ್ಷಣೆ ಯಾರಿಗೆ ಬೇಕು? ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆ, ದೊಡ್ಡತೋಗೂರು, ಮಾರತ್‌ಹಳ್ಳಿಗಳ ಪಿ.ಜಿ.ಗಳಲ್ಲಿ ಇರುವ ಹುಡುಗಿಯರನ್ನು ಕೇಳಬೇಕು. ಇಡೀ ಕಟ್ಟಡಕ್ಕೆ ಒಂದೇ ವೈಫೈ, ಅದರ ಪೆಟ್ಟಿಗೆ ಮಾಲೀಕನ ಕೋಣೆಯಲ್ಲಿ. ಯಾರ ಮೊಬೈಲ್ ಯಾವ ತಾಣಕ್ಕೆ ಹೋಯಿತೆಂಬುದನ್ನು ನೋಡುವ ಮನಸ್ಸು ಮಾಲೀಕನಿಗೆ ಬಂದರೆ ಅದು ಕಷ್ಟದ ಕೆಲಸವಲ್ಲ. ಸ್ತ್ರೀರೋಗ ತಜ್ಞರನ್ನೋ ವಕೀಲರನ್ನೋ ಹುಡುಕುವ ಹೆಣ್ಣುಮಗಳಿಗೆ ಇದು ಸಣ್ಣ ವಿಷಯವಲ್ಲ.

ಪೀಣ್ಯದ ಕಥೆ ಬೇರೆ. ಅಲ್ಲಿನ ಸಾವಿರಾರು ಸಣ್ಣ ಘಟಕಗಳು ದೊಡ್ಡ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡಿಕೊಡುವಂಥವು. ಬಿಡಿಭಾಗದ ಡ್ರಾಯಿಂಗ್ ಗ್ರಾಹಕನ ಆಸ್ತಿ. ಕೊಟೇಶನ್ನಿನ ದರ ಘಟಕದ ಗುಟ್ಟು. ಎರಡೂ ಇಂದು ಇಮೇಲಿನಲ್ಲಿ, ಮೊಬೈಲಿನಲ್ಲಿ ಓಡಾಡುತ್ತವೆ. ದೊಡ್ಡ ಕಂಪನಿ ತನ್ನದೇ ವಿಪಿಎನ್ ಕಟ್ಟಿಕೊಂಡು ವಿನಾಯಿತಿ ಪಡೆಯುತ್ತದೆ. ಹತ್ತು ಜನ ಕೆಲಸಗಾರರ ಘಟಕ ಪೇಟೆಯಲ್ಲಿ ಸಿಗುವ ಸಾಮಾನ್ಯ ಸೇವೆಯನ್ನು ಬಾಡಿಗೆಗೆ ಪಡೆದರೆ ವಹಿಯ ವ್ಯಾಪ್ತಿಗೆ ಬರುತ್ತದೆ. ಸೈಬರ್ ದಾಳಿಯನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಕಂಪ್ಯೂಟರ್ ದಾಖಲೆಗಳನ್ನು 180 ದಿನ ಇಡಬೇಕು ಎಂಬ ಅದೇ ನಿರ್ದೇಶನದ ಇತರ ಷರತ್ತುಗಳು ದೊಡ್ಡವರಿಗೂ ಸಣ್ಣವರಿಗೂ ಒಂದೇ. ಸಣ್ಣ ಉದ್ದಿಮೆಗಳಿಗೆ ಸಿಕ್ಕ ರಿಯಾಯಿತಿ 2022ರ ಸೆಪ್ಟೆಂಬರ್ 25ರವರೆಗಿನ ಕಾಲಾವಕಾಶ ಮಾತ್ರ. ಲೇತ್ ನಡೆಸುವ, ಜಿಎಸ್‌ಟಿ ತುಂಬುವ, ವಿದ್ಯುತ್ ಬಿಲ್ಲಿಗೆ ಹೆಣಗುವ ಮಾಲೀಕನೇ ಅಲ್ಲಿ ಸೈಬರ್ ಭದ್ರತಾಧಿಕಾರಿಯೂ ಹೌದು ಎಂಬುದನ್ನು ದೆಹಲಿಯಲ್ಲಿ ಕುಳಿತು ನಿರ್ದೇಶನ ಬರೆದವರು ಯೋಚಿಸಿದಂತಿಲ್ಲ.

ಕಂಪನಿಯ ಸುರಂಗ ನೌಕರನನ್ನೂ ಕಾಪಾಡುತ್ತದೆಂದು ತಿಳಿಯುವುದೂ ಸರಿಯಲ್ಲ. ಕಚೇರಿಯ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಪ್ರಮಾಣಪತ್ರ ಸ್ಥಾಪಿತವಾಗಿದ್ದರೆ, ಎಚ್‌ಟಿಟಿಪಿಎಸ್ ಲಕೋಟೆಯನ್ನೂ ಕಂಪನಿ ತನ್ನ ದ್ವಾರದಲ್ಲಿ ಬಿಚ್ಚಿ, ಓದಿ, ಮತ್ತೆ ಅಂಟಿಸಿ ಕಳುಹಿಸಬಲ್ಲದು; ಭದ್ರತೆಯ ಹೆಸರಿನಲ್ಲಿ ಅನೇಕ ಸಂಸ್ಥೆಗಳು ಇದನ್ನು ಮಾಡುತ್ತವೆ. 2017ರಲ್ಲಿ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ ಆರಂಭವಾದಾಗ ಸದಸ್ಯರಾಗಲು ಬಯಸಿದ ಹಲವರು ಮೊದಲು ಕೇಳಿಕೊಂಡಿರಬಹುದಾದ ಪ್ರಶ್ನೆ, ಇದು ನಮ್ಮ ಮ್ಯಾನೇಜರಿಗೆ ಗೊತ್ತಾಗುತ್ತದೆಯೇ ಎಂಬುದು. ಅವರಿಗೆ ನನ್ನ ಸಲಹೆ ಇಷ್ಟೇ: ಸ್ವಂತ ವ್ಯವಹಾರಕ್ಕೆ ಸ್ವಂತ ಸಾಧನ, ಸ್ವಂತ ಮೊಬೈಲ್ ಡೇಟಾ, ವಿಪಿಎನ್ ಬೇಕೆನಿಸಿದರೆ ದುಡ್ಡು ಕೊಟ್ಟು ಪಡೆಯುವ, ಹೊರಗಿನ ಪರಿಶೋಧನೆಗೆ ಒಳಗಾದ ಸೇವೆ, ಬಳಸದಿರುವಾಗ ಆಧಾರ್‌ನ ಬಯೋಮೆಟ್ರಿಕ್ ಲಾಕ್. ಕರ್ನಾಟಕದಲ್ಲಿ ವಿಪಿಎನ್ ಬಳಸುವುದು ಅಪರಾಧವಲ್ಲ. ಜಮ್ಮು ಮತ್ತು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ ಅಂತಹ ನಿಷೇಧದ ಆದೇಶಗಳು ಹೊರಟದ್ದುಂಟು. ಅದು ಇತರೆಡೆಗೆ ಮಾದರಿಯಾಗದಿರಲಿ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಅಂಗೀಕಾರವಾಗಿ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಉದ್ದೇಶ ಮುಗಿದ ಮೇಲೆ ಮಾಹಿತಿಯನ್ನು ಅಳಿಸಬೇಕೆಂಬುದು ಆ ಕಾಯ್ದೆಯ ಮೂಲ ತತ್ತ್ವ. ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ತನ್ನಲ್ಲಿ ಉಳಿಸಿಕೊಂಡಿದೆ ಎಂಬುದು ಬೇರೆ ಮಾತು. ಗ್ರಾಹಕ ಬಿಟ್ಟುಹೋದ ಮೇಲೂ ಐದು ವರ್ಷ ಇಡಿ ಎನ್ನುವ ನಿರ್ದೇಶನವೂ, ಕೆಲಸ ಮುಗಿದೊಡನೆ ಅಳಿಸಿ ಎನ್ನುವ ಕಾಯ್ದೆಯೂ ಒಂದೇ ಮನೆಯಲ್ಲಿ ಬಾಳುವುದು ಕಷ್ಟ. ಹಿಂದೆ 40 ಬಿಟ್ ಮತ್ತು 128 ಬಿಟ್ ಆದೇಶಗಳು ಬಾಳಿದಂತೆ ಇವೂ ಬಾಳಲಿ ಎಂದು ಬಿಡುವ ಬದಲು, ನಿರ್ದೇಶನದ ಐದನೆಯ ಅಂಶವನ್ನು ತಿದ್ದುವುದು ಲೇಸು: ನಿರ್ದಿಷ್ಟ ಅಪರಾಧ, ನಿರ್ದಿಷ್ಟ ಖಾತೆ, ಲಿಖಿತ ಆದೇಶ ಇದ್ದಾಗ ಮಾತ್ರ ದಾಖಲೆ, ಅದಕ್ಕೂ ಆರು ತಿಂಗಳ ಮಿತಿ, ಎಷ್ಟು ಆದೇಶಗಳು ಹೊರಟವೆಂಬ ಅಂಕಿಸಂಖ್ಯೆ ಪ್ರತಿವರ್ಷ ಸಂಸತ್ತಿನ ಮುಂದೆ. ಸರ್ಟ್-ಇನ್ ಹೊರಡಿಸಿದ್ದನ್ನು ಸರ್ಟ್-ಇನ್ ತಿದ್ದಬಹುದು; ಹೊಸ ಮಸೂದೆಗಾಗಿ ಕಾಯಬೇಕಾಗಿಲ್ಲ. ಮಾಹಿತಿ ತಂತ್ರಜ್ಞಾನದ ರಾಜಧಾನಿ ತನ್ನದೆಂದು ಹೇಳಿಕೊಳ್ಳುವ ರಾಜ್ಯ ಸರ್ಕಾರವೂ ಕೇಂದ್ರಕ್ಕೆ ಈ ಬಗ್ಗೆ ಒಂದು ಪತ್ರ ಬರೆಯಬಹುದು. ಬರೆಯುವ ಮೊದಲು ತನ್ನ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿ ಸ್ಕ್ಯಾನ್ ಆಗಿ ಕುಳಿತಿರುವ ಹಳೆಯ ಕ್ರಯಪತ್ರಗಳಲ್ಲಿ ಇನ್ನೂ ಎಷ್ಟು ಬೆರಳಚ್ಚುಗಳು ಮರೆಮಾಚದೆ ಉಳಿದಿವೆ ಎಂಬುದನ್ನು ಎಣಿಸಿ ಪ್ರಕಟಿಸಿದರೆ ಆ ಪತ್ರಕ್ಕೆ ಹೆಚ್ಚಿನ ತೂಕ ಬರುತ್ತದೆ.